ಪ್ಯಾರಸಿಟಮಾಲ್ ಮತ್ತು ಯಕೃತ್ತಿನ ಜೀವಕೋಶ ಹಾನಿ: ಸಂಶೋಧನೆಯ ಇತಿಹಾಸ

ಜ್ವರಕ್ಕೂ ಮೈಕೈ ನೋವಿಗೂ ಮನೆಮನೆಯಲ್ಲಿ ನುಂಗುವ ಪ್ಯಾರಸಿಟಮಾಲ್, ಮಿತಿಮೀರಿದರೆ ಯಕೃತ್ತಿನ ಜೀವಕೋಶಗಳನ್ನು ಕೊಲ್ಲುತ್ತದೆ. ರಾಸಾಯನಿಕಗಳು ಜೀವಕೋಶವನ್ನು ಹೇಗೆ ಹಾಳುಗೆಡವುತ್ತವೆ ಎಂಬುದರ ಬಗ್ಗೆ ವಿಷವಿಜ್ಞಾನ ಕಲಿತದ್ದರಲ್ಲಿ ದೊಡ್ಡ ಪಾಲು ಈ ಅಗ್ಗದ ಮಾತ್ರೆಯ ಅಧ್ಯಯನದಿಂದ ಬಂದದ್ದು.

1950ರ ದಶಕದಲ್ಲಿ ಅಮೆರಿಕ, ಬ್ರಿಟನ್‌ಗಳ ಮಾರುಕಟ್ಟೆಗೆ ಬಂದಾಗ ಇದನ್ನು ನಿರಪಾಯಕಾರಿ ಎಂದೇ ಭಾವಿಸಲಾಗಿತ್ತು. 1966ರಲ್ಲಿ ಎಡಿನ್‌ಬರೋದ ಡೇವಿಡ್‌ಸನ್ ಮತ್ತು ಈಸ್ಟಮ್ ಎಂಬ ವೈದ್ಯರು, ಅತಿಯಾಗಿ ಮಾತ್ರೆ ನುಂಗಿದ ಇಬ್ಬರಲ್ಲಿ ಯಕೃತ್ತಿನ ಕೋಶಗಳು ಸತ್ತಿದ್ದನ್ನು ವರದಿ ಮಾಡಿದರು.

ಕಾರಣ ತಿಳಿದದ್ದು 1973ರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮಿಚೆಲ್, ಜಾಲೋ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳ ಸಾರ ಇಷ್ಟು: ವಿಷ ಮಾತ್ರೆಯಲ್ಲಿಲ್ಲ, ಯಕೃತ್ತೇ ಅದನ್ನು ತಯಾರಿಸುತ್ತದೆ. ಔಷಧದ ಸ್ವಲ್ಪ ಭಾಗವನ್ನು ಸೈಟೋಕ್ರೋಮ್ ಪಿ450 ಕಿಣ್ವಗಳು ತೀವ್ರ ಕ್ರಿಯಾಶೀಲ ವಸ್ತುವಾಗಿ ಪರಿವರ್ತಿಸುತ್ತವೆ. ಆ ವಸ್ತುವಿಗೆ ಮುಂದೆ ನ್ಯಾಪ್ಕಿ ಎಂಬ ಹೆಸರು ನಿಂತಿತು. ಕೋಶದ ರಕ್ಷಕ ವಸ್ತುವಾದ ಗ್ಲುಟಥಯೋನ್ ಇರುವವರೆಗೆ ಅದು ತಟಸ್ಥವಾಗುತ್ತದೆ. ಈ ದಾಸ್ತಾನು ಬಹುಪಾಲು ಬರಿದಾದ ಮೇಲೆ ನ್ಯಾಪ್ಕಿ ಕೋಶದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಹಾಗಾದರೆ ಗ್ಲುಟಥಯೋನನ್ನು ತುಂಬಿಕೊಟ್ಟರೆ ಸಾಕಲ್ಲವೆ? ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ 1970ರ ದಶಕದ ಕೊನೆಯಲ್ಲಿ ಗ್ಲುಟಥಯೋನನ್ನು ಮರಳಿ ತುಂಬುವ ಅಸಿಟೈಲ್‌ಸಿಸ್ಟೀನನ್ನು ರಕ್ತನಾಳಕ್ಕೆ ಕೊಟ್ಟು ಅದು ಫಲಿಸುವುದನ್ನು ತೋರಿಸಿದರು. ಮೊದಲ ಎಂಟು ಗಂಟೆಯೊಳಗೆ ಕೊಟ್ಟರೆ ಪರಿಣಾಮ ಉತ್ತಮ. ಪ್ರಯೋಗಶಾಲೆಯ ತಿಳಿವು ಇಷ್ಟು ಬೇಗ ಆಸ್ಪತ್ರೆಯ ಹಾಸಿಗೆ ತಲುಪಿದ ಉದಾಹರಣೆಗಳು ವಿಷವಿಜ್ಞಾನದಲ್ಲಿ ಹೆಚ್ಚಿಲ್ಲ.

ಪ್ರೋಟೀನಿಗೆ ಅಂಟಿದ ಮಾತ್ರಕ್ಕೆ ಕೋಶ ಏಕೆ ಸಾಯಬೇಕು ಎಂಬ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ವಿಷವಿಜ್ಞಾನಿ ಹಾರ್ಟ್‌ಮಟ್ ಯೆಶ್ಕೆ ಪ್ರಮುಖರು. ನ್ಯಾಪ್ಕಿ ಮೈಟೋಕಾಂಡ್ರಿಯಾದ ಪ್ರೋಟೀನುಗಳನ್ನು ಕೆಡಿಸಿದಾಗ ಅಲ್ಲಿ ಉತ್ಕರ್ಷಣ ಒತ್ತಡ ಏಳುತ್ತದೆ. ಜೆಎನ್‌ಕೆ ಎಂಬ ಕಿಣ್ವ ಅದನ್ನು ಉಲ್ಬಣಗೊಳಿಸುತ್ತದೆ. ಮೈಟೋಕಾಂಡ್ರಿಯಾದಿಂದ ಸೋರಿದ ಕಿಣ್ವಗಳು ಕೋಶಕೇಂದ್ರಕ್ಕೆ ಹೋಗಿ ಡಿಎನ್‌ಎಯನ್ನು ತುಂಡರಿಸುತ್ತವೆ. ಈ ತುಂಡುಗಳನ್ನು ಕಂಡೇ ಹಲವರು ಇದನ್ನು ಅಪೊಪ್ಟೋಸಿಸ್, ಅಂದರೆ ಕೋಶದ ನಿಯೋಜಿತ ಸಾವು ಎಂದು ವಾದಿಸಿದ್ದರು. ಸಾಯುವ ಕೋಶಗಳು ಊದಿ ಒಡೆಯುತ್ತವೆ, ಆದ್ದರಿಂದ ಇದು ನೆಕ್ರೋಸಿಸ್ ಎಂದು 2002ರಲ್ಲಿ ಯೆಶ್ಕೆ ತಂಡ ಪ್ರತಿಪಾದಿಸಿತು. ಪ್ರಯೋಗಗಳಲ್ಲಿ ಪರೀಕ್ಷೆಯ ಔಷಧ ಕರಗಿಸಲು ಬಳಸುವ ಡಿಎಂಎಸ್‌ಒ ದ್ರಾವಕವೇ ಪಿ450 ಕಿಣ್ವಗಳನ್ನು ತಡೆದು ಯಕೃತ್ತನ್ನು ಕಾಯುತ್ತದೆ. ಅದರ ಗುಣವನ್ನು ಪರೀಕ್ಷೆಯ ಔಷಧಕ್ಕೆ ಆರೋಪಿಸಿದ ಪ್ರಯೋಗಗಳೂ ಗೊಂದಲ ಹೆಚ್ಚಿಸಿದ್ದವು.

ಪ್ರಾಣಿಯ ಆಯ್ಕೆಯೂ ತಕರಾರಿನದೇ. ದೊಡ್ಡ ಇಲಿಗಳು ಈ ವಿಷವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ, ಚಿಟ್ಟಿಲಿಗಳು ತಡೆಯಲಾರವು. ಹಾಗಾಗಿ ಮಾನವ ಯಕೃತ್ತಿನ ಕೋಶಗಳನ್ನೇ ಬಳಸುವ ಅಧ್ಯಯನಗಳು ಹೆಚ್ಚಿವೆ. ಮೆಥನಾಲ್ ವಿಷಕ್ಕೆ ಕೊಡುವ ಫೋಮೆಪಿಝೋಲ್ ಇಲ್ಲೂ ನೆರವಾದೀತೇ ಎಂಬುದನ್ನು ಕ್ಯಾನ್ಸಸ್ ತಂಡ ಪರೀಕ್ಷಿಸಿದೆ. ಅದು ನ್ಯಾಪ್ಕಿ ತಯಾರಿಕೆಯನ್ನೂ ಜೆಎನ್‌ಕೆಯನ್ನೂ ತಡೆಯುತ್ತದೆ.