ಮೋಕ್ಷಗುಂಡಂ ಎಲ್ಲಿಂದ ಬಂತು?

ನಮ್ಮ ಮೇಟಗಳ್ಳಿ ಮೇಲೆ ಹೋಗೋ ಕೆ.ಆರ್.ಎಸ್. ರಸ್ತೆ ಹಿಡಿದ್ರೆ ಸೀದಾ ಕನ್ನಂಬಾಡಿ ಕಟ್ಟೆ ಸಿಗುತ್ತೆ. 1911ರಲ್ಲಿ ಆ ಕಟ್ಟೆ ಕೆಲಸ ಶುರುವಾದಾಗ ಮೈಸೂರಿನ ಚೀಫ್ ಎಂಜಿನಿಯರ್ ಆಗಿದ್ದೋರು ಸರ್ ಎಂ.ವಿ. ಅದರಲ್ಲಿ 'ವಿ' ಅಂದ್ರೆ ವಿಶ್ವೇಶ್ವರಯ್ಯ, 'ಎಂ' ಅಂದ್ರೆ ಮೋಕ್ಷಗುಂಡಂ. ಆದ್ರೆ ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ರ ಮುದ್ದೇನಹಳ್ಳಿಲಿ. ಹಾಗಾದ್ರೆ ಈ ಮೋಕ್ಷಗುಂಡಂ ಎಲ್ಲಿಂದ ಬಂತು?

ಅದು ಆಂಧ್ರದಲ್ಲಿ ಗಿದ್ದಲೂರು ಕಡೆಯ ಒಂದು ಊರು. ಅವರ ಹಿರೀಕರು ಎಷ್ಟೋ ತಲೆಮಾರಿನ ಹಿಂದೆ ಅಲ್ಲಿಂದ ಬಂದು ಮುದ್ದೇನಹಳ್ಳಿಲಿ ನೆಲೆ ನಿಂತರು. ತೆಲುಗರು ಇಂಥ ಹೆಸರಿಗೆ 'ಇಂಟಿ ಪೇರು' ಅಂತಾರೆ, ಅಂದ್ರೆ ಮನೆ ಹೆಸರು. ತಂದೆ ಮೋಕ್ಷಗುಂಡಂ ಶ್ರೀನಿವಾಸ ಶಾಸ್ತ್ರಿಗಳು, ಮಗ ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ಯೋಚನೆ ಮಾಡಿ ನೋಡಿ. ಆ ಊರಲ್ಲೇ ಇರೋರನ್ನ 'ಮೋಕ್ಷಗುಂಡದೋರು' ಅಂತ ಯಾರು ಕರೀತಾರೆ? ಅಲ್ಲಿ ಎಲ್ಲರೂ ಆ ಊರೋರೇ. ಊರು ಬಿಟ್ಟ ಮೇಲೇ ಊರು ಹೆಸರಾಗೋದು. ಮದುವೆಯಾಗಿ ಬಂದ ಹೆಣ್ಣುಮಗಳನ್ನ ತವರೂರಿನ ಹೆಸರು ಹೇಳಿ ಗುರುತು ಹಿಡಿಯೋದೂ ಹೀಗೇ ಅಲ್ವಾ?

ನಮ್ಮ ಪಕ್ಕದ ಯಾದವಗಿರಿಲಿ ಮನೆ ಕಟ್ಟಿಸಿಕೊಂಡಿದ್ದ ಆರ್.ಕೆ. ನಾರಾಯಣ್ ಅವರ 'ಆರ್' ಕೂಡ ಊರೇ, ತಮಿಳುನಾಡಿನ ರಾಸೀಪುರಂ. ಅವರು ಹುಟ್ಟಿದ್ದು ಮದರಾಸಲ್ಲಿ, ತಮ್ಮ ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು ಮೈಸೂರಲ್ಲಿ. ಆದ್ರೂ ಇಬ್ಬರ ಹೆಸರಲ್ಲೂ ರಾಸೀಪುರ ಉಳೀತು. ದೂರದ ಪೋಲೆಂಡಲ್ಲೂ ಇದೇ ಕಥೆ. ಟಾರ್ನೋವ್ ಅನ್ನೋ ಊರಿನ ಹೆಸರಿಂದ ಟಾರ್ನೋವ್‌ಸ್ಕಿ ಅನ್ನೋ ಮನೆತನದ ಹೆಸರು ಬಂತು.

ಗೌಡ, ರಾವ್, ಶೆಟ್ಟಿ ಅಂದ್ರೆ ಯಾವ ಊರೋರು ಅಂತ ಹೇಳಕ್ಕಾಗಲ್ಲ. ಮೋಕ್ಷಗುಂಡಂ ಅಂಥ ಅಪರೂಪದ ಹೆಸರು ಮಾತ್ರ ನಮ್ಮನ್ನ ಕೈ ಹಿಡಿದು ಮೂಲದ ಊರಿಗೇ ಕರ್ಕೊಂಡು ಹೋಗುತ್ತೆ. ಹಾಗಂತ ಒಂದೇ ಹೆಸರಿನೋರೆಲ್ಲ ನೆಂಟರು ಅಂದ್ಕೋಬಾರದು. ಒಂದೇ ಊರಿಂದ ಬೇರೆ ಬೇರೆ ಕುಲದೋರು ಹೊರಟು, ಎಲ್ಲರೂ ಅದೇ ಊರಿನ ಹೆಸರು ಇಟ್ಕೊಂಡಿರಬಹುದು. ಹೆಸರು ಊರು ತೋರಿಸುತ್ತೆ, ರಕ್ತಸಂಬಂಧ ತೋರಿಸಲ್ಲ.

ಈಗಿನ ಮಕ್ಕಳ ಕಥೆ ಬೇರೆ. ಬರೀ ಇನಿಶಿಯಲ್ ಬರೆದ್ರೆ ಪಾಸ್‌ಪೋರ್ಟಿಗೆ ಆಗಲ್ಲ, ಬಿಡಿಸಿ ಬರೀಬೇಕು. ಆಗ ಎಷ್ಟೋ ಮನೇಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿ, ಊರಿನ ಅಕ್ಷರ ಬಿದ್ದುಹೋಗುತ್ತೆ. ಮುಂದೆ ಮೊಮ್ಮಕ್ಕಳು 'ನಾವು ಎಲ್ಲಿಯೋರು?' ಅಂತ ಕೇಳಿದ್ರೆ ಹೇಳಕ್ಕೆ ಹೆಸರಲ್ಲಿ ಏನೂ ಉಳಿದಿರಲ್ಲ.

ಅದಕ್ಕೇ, ಮನೇಲಿ ದೊಡ್ಡೋರು ಇರೋವಾಗಲೇ ಆ ಒಂದಕ್ಷರ ಯಾವ ಊರು, ಅಲ್ಲಿಂದ ಯಾಕೆ ಹೊರಟ್ರು ಅಂತ ಕೇಳಿ ಬರೆದಿಟ್ಕೊಳ್ಳಿ. ಮಕ್ಕಳ ಜಾತಕದ ಜೊತೆ ಇಟ್ರೂ ಸಾಕು.