ಅಂಗಾಲಿನ ಕಪ್ಪು ಮಚ್ಚೆ, ಮದ್ದಿಗೆ ಬಗ್ಗದ ಪ್ರೊಟೀನು

ನಿಪ್ಪಾಣಿಯ ಸುತ್ತ ಕ್ಯಾನ್ಸರ್ ಎಂದರೆ ಜನ ಮೊದಲು ನೆನೆಯುವುದು ತಂಬಾಕನ್ನು, ಬಾಯಿಯ ಹುಣ್ಣನ್ನು. ಚರ್ಮದ ಕ್ಯಾನ್ಸರಿನ ಮಾತು ಕಡಿಮೆ. ಅದರಲ್ಲೂ ಮೆಲನೋಮ ಭಾರತದಲ್ಲೇ ವಿರಳ. ಬಂದರೆ ಅಂಗಾಲು, ಹಿಮ್ಮಡಿ, ಉಗುರಿನ ಬುಡದಲ್ಲಿ ಬರುವುದು ಹೆಚ್ಚು. ಅಥಣಿ, ರಾಯಬಾಗದ ಕಬ್ಬಿನ ಹೊಲದಲ್ಲಿ ದುಡಿಯುವವರು ಅದನ್ನು ಆಣಿಯೆಂದೋ ಮುಳ್ಳಿನ ಕಲೆಯೆಂದೋ ಬಿಟ್ಟುಬಿಡುವುದು ಸುಲಭ. ಕಾಗವಾಡದವರು ಮೀರಜಿಗೆ, ಚಿಕ್ಕೋಡಿಯವರು ಬೆಳಗಾವಿಗೋ ಕೊಲ್ಲಾಪುರಕ್ಕೋ ಹೋಗುವ ಹೊತ್ತಿಗೆ ರೋಗ ತೊಡೆಸಂದಿನ ಗ್ರಂಥಿಗೆ ಏರಿದ್ದರೆ, ಶಸ್ತ್ರಚಿಕಿತ್ಸೆಯ ಜೊತೆಗೆ ಮದ್ದೂ ಬೇಕಾಗುತ್ತದೆ. ಆ ಮದ್ದಿಗೆ ರೋಗ ಏಕೆ ಬಗ್ಗುವುದಿಲ್ಲ ಎಂಬ ಹುಡುಕಾಟ ಐವತ್ತು ವರ್ಷ ಹಳೆಯದು.

ಮೊದಲ ಗುಮಾನಿ ಪಂಪುಗಳ ಮೇಲೆ. 1976ರಲ್ಲಿ ಟೊರಾಂಟೊದ ಜೂಲಿಯಾನೊ ಮತ್ತು ಲಿಂಗ್, ಮದ್ದಿಗೆ ಜಗ್ಗದ ಹ್ಯಾಮ್‌ಸ್ಟರ್ ಜೀವಕೋಶಗಳ ಪೊರೆಯಲ್ಲಿ ಪಿ-ಗ್ಲೈಕೊಪ್ರೊಟೀನನ್ನು ಗುರುತಿಸಿದರು. ಒಳಬಂದ ಮದ್ದನ್ನು ಹೊರಗೆಸೆಯುವುದು ಅದರ ಕೆಲಸ. 2005ರಲ್ಲಿ ಮೆಲನೋಮದಲ್ಲೂ ಎಬಿಸಿಬಿ5 ಎಂಬ ಅದರ ಸಂಬಂಧಿ ಸಿಕ್ಕಿತು. ಆದರೆ ಪಂಪು ಕಟ್ಟಿಹಾಕುವ ಮದ್ದುಗಳು ರೋಗಿಗಳಲ್ಲಿ ಹೆಚ್ಚು ಫಲ ಕೊಡಲಿಲ್ಲ.

ಕಥೆಯ ದಿಕ್ಕು ಬದಲಿಸಿದ್ದು ಬಿ-ರಾಫ್ ಎಂಬ ಪ್ರೊಟೀನು. ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯ ತಂಡ 2002ರಲ್ಲಿ ತೋರಿಸಿದ್ದು ಇಷ್ಟು: ಈ ಪ್ರೊಟೀನಿನ 600ನೆಯ ಸ್ಥಾನದಲ್ಲಿ ವ್ಯಾಲೀನ್ ಹೋಗಿ ಗ್ಲುಟಾಮಿಕ್ ಆಮ್ಲ ಕೂತರೆ, 'ಬೆಳೆ' ಎಂಬ ಸಂದೇಶ ನಿಲ್ಲದೆ ಹರಿಯುತ್ತದೆ. 2011ರಲ್ಲಿ ಅಮೆರಿಕ ಒಪ್ಪಿದ ವೆಮುರಾಫೆನಿಬ್ ಈ ರೂಪವನ್ನೇ ಹಿಡಿಯುತ್ತದೆ. ಗಡ್ಡೆಗಳು ವಾರಗಳಲ್ಲಿ ಕರಗಿದವು, ಬಹುಪಾಲು ರೋಗಿಗಳಲ್ಲಿ ವರ್ಷ ತುಂಬುವ ಮೊದಲೇ ಮರಳಿದವು.

ಮರಳಿದ್ದು ಹೇಗೆ? ತೂಬು ಮುಚ್ಚಿದರೆ ನೀರು ಬದು ಒಡೆದು ಹರಿಯುವಂತೆ, ಸಂದೇಶ ಬೇರೆ ದಾರಿ ಹಿಡಿದಿತ್ತು. 2010ರ ಅಧ್ಯಯನಗಳು ಎನ್-ರಾಸ್, ಕಾಟ್ ಮೊದಲಾದ ಪ್ರೊಟೀನುಗಳನ್ನು ಬಯಲಿಗೆಳೆದವು. ನನಗೆ ಹೆಚ್ಚು ವಿಸ್ಮಯ ತಂದದ್ದು 2011ರ ಶೋಧ: ನಿರೋಧ ತೋರಿದ 19 ರೋಗಿಗಳ ಪೈಕಿ 6 ಮಂದಿಯ ಗಡ್ಡೆಯಲ್ಲಿ ಬಿ-ರಾಫೇ ಮೊಟಕುಗೊಂಡಿತ್ತು. ರಾಸ್ ಅಂಟುವ ಭಾಗವನ್ನು ಕಳೆದುಕೊಂಡ ಆ ತುಂಡುಗಳು ಜೋಡಿಯಾಗಿ ಮದ್ದನ್ನು ಲೆಕ್ಕಿಸದೆ ದುಡಿಯುತ್ತಿದ್ದವು. 2012ರಲ್ಲಿ ಗುಮಾನಿ ಗಡ್ಡೆಯ ಆಚೆಗೂ ಹೋಯಿತು: ನೆರೆಯ ಆರೋಗ್ಯವಂತ ಜೀವಕೋಶಗಳು ಸ್ರವಿಸುವ ಎಚ್‌ಜಿಎಫ್ ಪ್ರೊಟೀನೂ ರೋಗವನ್ನು ಕಾಯುತ್ತದೆ.

ಆಮೇಲೆ ಸಂದೇಶವನ್ನು ಎರಡು ಕಡೆ ತಡೆಯುವ ಜೋಡಿಮದ್ದು ಬಂತು. ಡಬ್ರಾಫೆನಿಬ್ ಜೊತೆ ಟ್ರಾಮೆಟಿನಿಬ್ ಪಡೆದವರಲ್ಲಿ ಐದು ವರ್ಷದ ಬಳಿಕ ಶೇ. 34ರಷ್ಟು ಮಂದಿ ಬದುಕಿದ್ದರು ಎಂದು 2019ರ ವರದಿ ಹೇಳಿತು. ರೋಗ ಬೆಳೆಯದೆ ಉಳಿದವರು ಶೇ. 19 ಮಾತ್ರ.

ಈ ಅಂಕಿಗಳೆಲ್ಲ ಬಹುಪಾಲು ಬಿಳಿ ಚರ್ಮದವರವು. ಅಂಗಾಲಿನ ಮೆಲನೋಮದಲ್ಲಿ ಬಿ-ರಾಫ್ ದೋಷ ಅಷ್ಟಿಲ್ಲ. ಕೆಲವರಲ್ಲಿ ಕಿಟ್ ಎಂಬ ಪ್ರೊಟೀನ್ ಕೆಟ್ಟಿರುತ್ತದೆ. ಅಂಥವರಿಗೆ ಇಮಾಟಿನಿಬ್ ಕೊಟ್ಟ ಪ್ರಯೋಗಗಳು ಅಮೆರಿಕ, ಚೀನಾಗಳಲ್ಲಿ 2011ರಲ್ಲಿ ಹೊರಬಂದವು. ಸುಮಾರು ಕಾಲುಭಾಗ ಮಂದಿಗೆ ಗಡ್ಡೆ ಕುಗ್ಗಿತು, ಹೆಚ್ಚು ಕಾಲ ನಿಲ್ಲಲಿಲ್ಲ. ಆದ್ದರಿಂದ ನಮ್ಮ ಕಡೆಯ ರೋಗಿಯ ಬಯಾಪ್ಸಿಯನ್ನು ಎರಡೂ ಪ್ರೊಟೀನುಗಳಿಗಾಗಿ ಪರೀಕ್ಷಿಸಬೇಕು. ಬಿ-ರಾಫ್ ಸರಿಯಿದ್ದ ಜೀವಕೋಶಕ್ಕೆ ವೆಮುರಾಫೆನಿಬ್ ಕೊಟ್ಟರೆ, ಅದು ತಡೆಯಬೇಕಾದ ಸಂದೇಶವನ್ನೇ ಜೋರು ಮಾಡುತ್ತದೆ. ಆ ಮದ್ದು ನುಂಗಿದ ಕೆಲವರ ಚರ್ಮದಲ್ಲಿ ಇನ್ನೊಂದು ಬಗೆಯ ಕ್ಯಾನ್ಸರ್ ಎದ್ದದ್ದೂ ಇದರಿಂದಲೇ.