ಶಸ್ತ್ರ, ಅಸ್ತ್ರ, ಅನುಶಸ್ತ್ರ

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಹಿರಿಯರು 'ಮಿಂಟೋ ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು' ಅನ್ನುತ್ತಾರೆ, ಕನ್ನಡಕ ಬಿಟ್ಟ ಮೊಮ್ಮಕ್ಕಳು 'ಲೇಸರ್ ಮಾಡಿಸ್ಕೊಂಡೆ' ಅನ್ನುತ್ತಾರೆ. ಬರವಣಿಗೆಯ ಕನ್ನಡ ಮಾತ್ರ ಎರಡಕ್ಕೂ ಶಸ್ತ್ರಚಿಕಿತ್ಸೆ ಎಂದೇ ಹೆಸರಿಡುತ್ತದೆ. ಅಲಗೇ ಇಲ್ಲದಲ್ಲಿ ಶಸ್ತ್ರವೆಲ್ಲಿ ಎಂಬ ಪ್ರಶ್ನೆ ಪದಪ್ರಿಯರಾದ ನಮ್ಮನ್ನು ಕಾಡದೆ ಬಿಡದು.

'ಶಸ್' ಧಾತುವಿಗೆ ಕತ್ತರಿಸು ಎಂದರ್ಥ, ಕತ್ತರಿಸಲು ನೆರವಾಗುವುದು ಶಸ್ತ್ರ. (ಶಾಸ್ತ್ರದ ಧಾತು 'ಶಾಸ್' ಬೇರೆಯದೇ, ಇವುಗಳ ನೆಂಟಸ್ತಿಕೆ ಬರಿಯ ಮುಖಚಹರೆಯದು.) ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ, ಎಸೆಯುವುದು ಅಸ್ತ್ರ ಎಂದು ಬಲ್ಲವರು ಭೇದ ಮಾಡಿದರೂ ಅಮರಕೋಶ ಎರಡನ್ನೂ ಆಯುಧದ ಪರ್ಯಾಯಗಳಾಗಿ ಒಟ್ಟಿಗೆ ಕೂರಿಸಿದೆ. ಆ ಭೇದವನ್ನು ಹಿಡಿದು ಹೊರಟರೆ ದೂರದಿಂದ ಬಂದು ನಾಟುವ ಲೇಸರ್ ಅಸ್ತ್ರವೇ ಸರಿ! ಅಚ್ಚಗನ್ನಡದ ಅಲಗು ಇನ್ನೊಂದು ಕವಲು: ತಮಿಳಿನ ಅಲಕು ಹಕ್ಕಿಯ ಕೊಕ್ಕೂ ಹೌದು, ತೆಲುಗಿನ ಅಲುಗು ಬಾಣದ ಮೊನೆ, ಹಳೆಯ ಕಾವ್ಯಗಳಲ್ಲಿ ಅಲಗಂಬು, ನಮ್ಮ ಸೀಮೆಯ ಕರಗದಲ್ಲಿ ವೀರಕುಮಾರರು ಎದೆಗೆ ಕತ್ತಿಯಾನಿಸಿ ಸಲ್ಲಿಸುವ ಅಲಗು ಸೇವೆ. ಅಲಗು ವೈದ್ಯದತ್ತ ಬರಲಿಲ್ಲ, ಶಸ್ತ್ರ ಬಂತು. ಸುಶ್ರುತ ಎಣಿಸುವ 20 ಶಸ್ತ್ರಗಳಲ್ಲಿ ಮಂಡಲಾಗ್ರ, ವೃದ್ಧಿಪತ್ರ, ಉತ್ಪಲಪತ್ರ ಎಂಬ ಚೆಲುವಾದ ಹೆಸರುಗಳಿವೆ. ಅವುಗಳಿಂದಾಗುವ ಕರ್ಮಗಳಲ್ಲಿ ಛೇದ್ಯವೆಂದರೆ ಕತ್ತರಿಸುವುದು, ಲೇಖ್ಯವೆಂದರೆ ಕೆರೆಯುವುದು. ನಾವು ಬರೆಯುವ ಲೇಖನವೂ ಮೂಲದಲ್ಲಿ ಕೆರೆತವೇ.

ಮೊಮ್ಮಕ್ಕಳ ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆಯಾದ ಲೇಸಿಕ್‌ನಲ್ಲಿ ಛೇದ್ಯ, ಲೇಖ್ಯ ಎರಡೂ ಇವೆ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ ಕತ್ತರಿಸಿ ಎತ್ತುವುದು ಛೇದನ. ಒಳಗನ್ನು 193 ನ್ಯಾನೋಮೀಟರ್ ತರಂಗಾಂತರದ ಎಕ್ಸೈಮರ್ ಲೇಸರ್‌ನಿಂದ ತಿದ್ದುವುದು ಲೇಖನ. ಬ್ಲೇಡ್ ಲೇಸಿಕ್, ಬ್ಲೇಡ್‌ಲೆಸ್ ಲೇಸಿಕ್ ಎಂಬ ಭೇದ ಮೊದಲ ಹೆಜ್ಜೆಯದಷ್ಟೇ. ಒಂದರಲ್ಲಿ ಮೈಕ್ರೋಕೆರಟೋಮ್‌ನ ಅಲಗು ಸರಿಯುತ್ತದೆ, ಇನ್ನೊಂದರಲ್ಲಿ ಫೆಮ್ಟೋಸೆಕೆಂಡ್ ಲೇಸರ್ ಸಾಲುಸಾಲಾಗಿ ಸೂಕ್ಷ್ಮ ಗುಳ್ಳೆಗಳನ್ನೆಬ್ಬಿಸಿ ಪದರ ಬಿಡಿಸುತ್ತದೆ. ಲೇಸರ್ ಬಿಡಿಸಿದ ಪದರದ ದಪ್ಪ ಹೆಚ್ಚು ಸಮ, ನಿಜ. ಆದರೆ ದೃಷ್ಟಿಯನ್ನು ತಿದ್ದುವ ಕೆಲಸ ಎರಡರಲ್ಲೂ ಎಕ್ಸೈಮರ್‌ನದೇ. ಜಾಹೀರಾತುಗಳು ಈ ಮಾತನ್ನು ಸಣ್ಣಕ್ಷರಕ್ಕೆ ತಳ್ಳುತ್ತವೆ.

ಹಾಗಾದರೆ ಅಲಗಿಲ್ಲದ್ದಕ್ಕೆ ಏನೆನ್ನೋಣ? ಸುಶ್ರುತಸಂಹಿತೆಯ ಸೂತ್ರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಅನುಶಸ್ತ್ರವೆಂಬ ಪದವಿದೆ. ಬಿದಿರ ಸಿಪ್ಪೆ, ಸ್ಫಟಿಕ, ಗಾಜು, ಜಿಗಣೆ, ಬೆಂಕಿ, ಕ್ಷಾರ, ಉಗುರು ಎಲ್ಲವೂ ಅದರೊಳಗೆ ಸೇರಿವೆ. ಲೋಹದ ಶಸ್ತ್ರ ಇಲ್ಲದಿರುವಲ್ಲಿ, ಮಕ್ಕಳಿಗೆ, ಮತ್ತು ಶಸ್ತ್ರಭೀರುಗಳಿಗೆ ಇವನ್ನು ಬಳಸು ಎನ್ನುತ್ತಾನೆ ಸುಶ್ರುತ. ಬ್ಲೇಡ್‌ಲೆಸ್ ಎಂಬ ಫಲಕ ಕರೆಯುವುದೂ ಶಸ್ತ್ರಭೀರುಗಳನ್ನೇ ತಾನೆ!

ಧಾತುವಿನಲ್ಲಿ ಕಬ್ಬಿಣದ ಸುಳಿವಿಲ್ಲ, ಕತ್ತರಿಸುವುದಷ್ಟೇ ಇದೆ; ಬೆಳಕೂ ಕತ್ತರಿಸುವುದರಿಂದ ಶಸ್ತ್ರಚಿಕಿತ್ಸೆ ತಪ್ಪಲ್ಲ. ಲೇಸರ್‌ಗೆಂದು ಬೇರೆ ಪದ ಬೇಕೇಬೇಕೆನ್ನುವವರು ಹೊಸದನ್ನು ಕಟ್ಟಲು ಹೋಗದೆ ಅನುಶಸ್ತ್ರವನ್ನೇ ಕೈಗೆತ್ತಿಕೊಳ್ಳಲಿ.